ಹೂವಿನ ಸಮೀಪಚಿತ್ರಕ್ಕೊಂದು ಪುಟ್ಟ ಕ್ಯಾಮೆರಾ: ಒಲಿಂಪಸ್ ಟಫ್ ಟಿಜಿ-6

ಒಲಿಂಪಸ್ ಟಫ್ ಟಿಜಿ-6 ಕ್ಯಾಮೆರಾದ ಬಗ್ಗೆ ಯಾರು ಮಾತೆತ್ತಿದರೂ ಮೊದಲು ಬರುವುದು ‘1 ಸೆಂಟಿಮೀಟರ್’ ಎಂಬ ಅಂಕಿ. ಲೆನ್ಸಿನ ಮುಂಭಾಗದಿಂದ ಅಷ್ಟೇ ದೂರದಲ್ಲಿರುವ ವಸ್ತುವಿನ ಮೇಲೂ ಇದು ಫೋಕಸ್ ಮಾಡುತ್ತದೆ ಎಂಬುದು ನಿಜ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವುದಕ್ಕೂ ಅಂಥ ಅಂಕಿ ಚೆನ್ನಾಗಿರುತ್ತದೆ. ಆದರೆ ಹೂವಿನ ಚಿತ್ರ ತೆಗೆಯುವವರಿಗೆ ಅದರಿಂದ ಆಗುವ ಉಪಕಾರ ಕಡಿಮೆ. ಅಷ್ಟು ಹತ್ತಿರಕ್ಕೆ ಹೋದರೆ ಕ್ಯಾಮೆರಾದ ನೆರಳೇ ಹೂವನ್ನು ಮುಚ್ಚುತ್ತದೆ, ಸ್ವಲ್ಪ ಮುಂದಕ್ಕೆ ಬಾಗಿದರೂ ಲೆನ್ಸಿನ ಅಂಚು ಎಸಳಿಗೆ ತಾಗುತ್ತದೆ, ಹೂವಿನೊಳಗೆ ಕುಳಿತ ಪುಟ್ಟ ಕೀಟವಿದ್ದರೆ ಅದು ಆಗಲೇ ಹಾರಿಹೋಗಿರುತ್ತದೆ. ಈ ಕ್ಯಾಮೆರಾದ ನಿಜವಾದ ಬಲ ಇರುವುದು ಇನ್ನೊಂದು ಗುಣದಲ್ಲಿ: ಜೂಮನ್ನು ಕೊನೆಯವರೆಗೆ ಎಳೆದ ಮೇಲೂ ಇದು ಹತ್ತಿರದ ಫೋಕಸನ್ನು ಬಿಟ್ಟುಕೊಡುವುದಿಲ್ಲ. ಆ ಗುಣದ ಬೆಲೆ ತಿಳಿಯಬೇಕಾದರೆ ಉಳಿದ ಕಾಂಪ್ಯಾಕ್ಟ್ ಕ್ಯಾಮೆರಾಗಳು ಹತ್ತಿರದ ಚಿತ್ರವನ್ನು ಹೇಗೆ ತೆಗೆಯುತ್ತವೆ ಎಂಬುದನ್ನು ಮೊದಲು ನೋಡಬೇಕು.

ಕಾಂಪ್ಯಾಕ್ಟ್ ಕ್ಯಾಮೆರಾಗಳ ವಿವರಪಟ್ಟಿಯಲ್ಲಿ ‘ಮ್ಯಾಕ್ರೋ 5 ಸೆಂ.ಮೀ.’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಲೆನ್ಸು ಅತಿ ಅಗಲದ ನೋಟದಲ್ಲಿರುವಾಗಿನ ಮಾತು. ಜೂಮ್ ಎಳೆಯುತ್ತ ಹೋದಂತೆ ಫೋಕಸ್ ಮಾಡಬಹುದಾದ ಕನಿಷ್ಠ ದೂರವೂ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಒಂದಿಂಚು ಸೆನ್ಸರಿನ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕದ) ದುಬಾರಿ ಕಾಂಪ್ಯಾಕ್ಟ್‌ಗಳಲ್ಲಿಯೂ ಕಥೆ ಇದೇ. ಹೀಗಾಗಿ ಸಣ್ಣ ಹೂವೊಂದು ಚೌಕಟ್ಟು ತುಂಬಬೇಕೆಂದರೆ ಅಗಲ ನೋಟದಲ್ಲಿಯೇ ಹೂವಿನ ಮೇಲೆ ಎರಗಬೇಕಾಗುತ್ತದೆ. ಆಗ ಮುಂದಿನ ಎಸಳು ಅಸಹಜವಾಗಿ ಉಬ್ಬಿ ಕಾಣುತ್ತದೆ, ಹಿಂದಿನ ಎಸಳುಗಳು ಕುಗ್ಗಿ ಹೋಗುತ್ತವೆ, ಹಿನ್ನೆಲೆಯಲ್ಲಿ ಗಿಡದ ಅರ್ಧಭಾಗ, ಬೇಲಿ, ಆಕಾಶದ ಬಿಳಿ ತುಂಡು ಎಲ್ಲವೂ ಸೇರಿಕೊಳ್ಳುತ್ತವೆ. ಹೂವಿನ ರೂಪ ಇದ್ದಂತೆ ಕಾಣಬೇಕಾದರೆ ಸ್ವಲ್ಪ ದೂರ ನಿಂತು ಕಿರಿದಾದ ನೋಟದಲ್ಲಿ ನೋಡಬೇಕು. ಕಿರಿದಾದ ನೋಟದಲ್ಲಿ ಹಿನ್ನೆಲೆಯ ಒಂದು ಸಣ್ಣ ಭಾಗ ಮಾತ್ರ ಚೌಕಟ್ಟಿನೊಳಗೆ ಬರುವುದರಿಂದ, ಕ್ಯಾಮೆರಾವನ್ನು ಎರಡು ಬೆರಳಿನಷ್ಟು ಆಚೆಗೋ ಈಚೆಗೋ ಸರಿಸಿದರೆ ಸಾಕು, ಕಿರಿಕಿರಿ ಮಾಡುವ ಒಣ ಕಡ್ಡಿ ಹೋಗಿ ಅದರ ಜಾಗದಲ್ಲಿ ನೆರಳಿನ ಹಸಿರು ಬಂದು ಕೂರುತ್ತದೆ.

ಟಿಜಿ-6 ಈ ಸ್ವಾತಂತ್ರ್ಯವನ್ನು ಕೊಡುತ್ತದೆ. ಇದರ ಲೆನ್ಸು 35 ಮಿ.ಮೀ. ಫಿಲಂ ಲೆಕ್ಕದಲ್ಲಿ 25ರಿಂದ 100 ಮಿ.ಮೀ.ಗೆ ಸಮ; 25 ಅಗಲ ನೋಟದ ತುದಿ, 100 ಕಿರಿದಾದ ನೋಟದ ತುದಿ. ಮೇಲಿನ ಚಕ್ರವನ್ನು ಮೈಕ್ರೋಸ್ಕೋಪ್ ಗುರುತಿಗೆ ತಿರುಗಿಸಿದರೆ ಲೆನ್ಸಿನಿಂದ 1 ಸೆಂ.ಮೀ.ನಿಂದ 30 ಸೆಂ.ಮೀ.ವರೆಗಿನ ದೂರದಲ್ಲಿ, ಜೂಮ್ ಎಲ್ಲೇ ಇರಲಿ, ಫೋಕಸ್ ಸಿಗುತ್ತದೆ. ನನ್ನ ಶಿಫಾರಸು ಇಷ್ಟೇ: ಜೂಮನ್ನು 100 ಮಿ.ಮೀ. ತುದಿಗೆ ಎಳೆದು ಅಲ್ಲಿಯೇ ಬಿಟ್ಟು, ಎಂಟು ಹತ್ತು ಸೆಂಟಿಮೀಟರ್ ದೂರದಿಂದ ಕೆಲಸ ಶುರು ಮಾಡಿ. ಕೆಲವೇ ಸೆಂಟಿಮೀಟರ್ ಅಗಲದ ಹೂವು ಅಲ್ಲಿಂದಲೇ ಚೌಕಟ್ಟು ತುಂಬುತ್ತದೆ. ಬೆಳಕು ಬರುವುದಕ್ಕೆ ಜಾಗ ಉಳಿಯುತ್ತದೆ, ಕೈಯಲ್ಲಿ ಬಿಳಿ ಕಾಗದ ಹಿಡಿದು ನೆರಳಿನ ಭಾಗಕ್ಕೆ ಬೆಳಕು ತಿರುಗಿಸುವುದೂ ಸಾಧ್ಯವಾಗುತ್ತದೆ. 1 ಸೆಂ.ಮೀ. ದೂರವನ್ನು ಪರಾಗಕೋಶಕ್ಕೋ ಶಲಾಕೆಯ (ಹೂವಿನ ನಡುವಿನ ಹೆಣ್ಣುದಂಡದ) ತುದಿಗೋ ಮೀಸಲಿಡಬೇಕು. ಅಲ್ಲಿ ಚೌಕಟ್ಟಿನ ಅಗಲ ಕೆಲವೇ ಮಿಲಿಮೀಟರುಗಳಿಗೆ ಇಳಿಯುತ್ತದೆ, ಹೂವು ಎಂಬುದು ಹೋಗಿ ಹೂವಿನ ಒಂದು ಅಂಗ ಮಾತ್ರ ಉಳಿಯುತ್ತದೆ.

ಸಣ್ಣ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ ತೆಗೆಯುವ ಹುಚ್ಚು ಹೊಸದಲ್ಲ. 1999ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ 950ರ ಚಿತ್ರದ ಗಾತ್ರ ಎರಡು ಮೆಗಾಪಿಕ್ಸೆಲ್ ಆಸುಪಾಸು, ಆದರೂ 2 ಸೆಂ.ಮೀ. ದೂರದ ಮ್ಯಾಕ್ರೋಗಾಗಿಯೇ ಅದನ್ನು ಕೊಂಡವರು ಬಹಳ. 2002ರ ಕೂಲ್‌ಪಿಕ್ಸ್ 4500 ಅದೇ ದಾರಿಯಲ್ಲಿ ನಾಲ್ಕು ಮೆಗಾಪಿಕ್ಸೆಲ್‌ಗೆ ಏರಿತು. ಆ ಎರಡರಲ್ಲಿಯೂ ಲೆನ್ಸಿರುವ ಅರ್ಧಭಾಗ ಒಂದು ಕಡೆಗೆ, ಪರದೆಯಿರುವ ಅರ್ಧಭಾಗ ಇನ್ನೊಂದು ಕಡೆಗೆ ತಿರುಗುತ್ತಿತ್ತು; ನೆಲಕ್ಕಂಟಿದ ಹೂವಿನ ಚಿತ್ರವನ್ನು ಮೇಲಿನಿಂದ ಪರದೆ ನೋಡುತ್ತಲೇ ತೆಗೆಯಬಹುದಿತ್ತು. ಆ ತಿರುಗುವ ಮೈ ನೆನಪಿರುವವರಿಗೆ ಟಿಜಿ-6ರ ಅಲುಗದ ಪರದೆ ಹಿಂದಕ್ಕೆ ಹೋದಂತೆ ಅನಿಸಿದರೆ ಅವರನ್ನು ದೂರುವಂತಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಟಿಜಿ-6 ಬಿಡುಗಡೆಯಾದದ್ದು 2019ರಲ್ಲಿ. ಒಳಗಿರುವುದು 12 ಮೆಗಾಪಿಕ್ಸೆಲಿನ, 1/2.3 ಇಂಚು ಎಂದು ಕರೆಯುವ ಸಣ್ಣ ಸೆನ್ಸರು. ಅದರ ನಿಜವಾದ ಅಗಲ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಎತ್ತರ ಐದಕ್ಕೂ ಕಡಿಮೆ. ಇಷ್ಟು ಚಿಕ್ಕ ಸೆನ್ಸರು ಎಂದರೆ ಮೂಗು ಮುರಿಯುವವರೇ ಹೆಚ್ಚು. ಮಬ್ಬು ಬೆಳಕಿನಲ್ಲಿ ಕಾಳು ಕಾಳಾದ ಚಿತ್ರ, ಬಿಸಿಲಿನಲ್ಲಿ ಬೇಗನೆ ಬಿಳಿಚಿಕೊಳ್ಳುವ ಭಾಗಗಳು, ಇವೆಲ್ಲ ಇರುವ ದೋಷಗಳೇ. ಆದರೆ ಸಮೀಪಚಿತ್ರದಲ್ಲಿ ಚಿಕ್ಕ ಸೆನ್ಸರು ಮಾಡುವ ಒಂದು ಉಪಕಾರವನ್ನು ಮರೆಯಬಾರದು. ಹತ್ತಿರ ಹೋದಷ್ಟೂ ಫೋಕಸಿನಲ್ಲಿ ಸ್ಪಷ್ಟವಾಗಿ ಉಳಿಯುವ ಪದರ ತೆಳುವಾಗುತ್ತ ಹೋಗುತ್ತದೆ, ಮತ್ತು ಹೂವು ಚಪ್ಪಟೆಯಾದ ವಸ್ತುವಲ್ಲ. ಸುಮಾರು 3 ಸೆಂ.ಮೀ. ಅಗಲದ ಹೂವನ್ನು ಚೌಕಟ್ಟು ತುಂಬಿಸಿ ಜೂಮಿನ ತುದಿಯಲ್ಲಿ ಎಫ್/4.9ರಲ್ಲಿ (ಈ ಅಂಕಿ ಹೆಚ್ಚಿದಷ್ಟೂ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು) ತೆಗೆದರೆ, ಸಾಮಾನ್ಯ ಲೆಕ್ಕದ ಪ್ರಕಾರ ಸ್ಪಷ್ಟ ಪದರದ ದಪ್ಪ ಒಂದೂವರೆ ಮಿಲಿಮೀಟರಿನ ಹತ್ತಿರ ಬರುತ್ತದೆ. ಇದು ಬಹಳವೇನಲ್ಲ, ಆದರೆ ಅದೇ ಹೂವನ್ನು ಅದೇ ಗಾತ್ರದಲ್ಲಿ ಫುಲ್‌ಫ್ರೇಮ್ (35 ಮಿ.ಮೀ. ಫಿಲಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ತೆಗೆದು ಅಷ್ಟೇ ಪದರ ಬೇಕೆಂದರೆ ಅಪರ್ಚರನ್ನು ಎಫ್/16ರ ಆಸುಪಾಸಿಗೆ ಮುಚ್ಚಬೇಕು. ಹಾಗೆ ಮುಚ್ಚಿದಾಗ ಒಳಬರುವ ಬೆಳಕು ಮೂರು ಸ್ಟಾಪಿಗೂ ಮೀರಿ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಇಳಿಯುವುದೆಂದರೆ ಬೆಳಕು ಅರ್ಧವಾಗುವುದು). ಅದನ್ನು ತುಂಬಿಕೊಳ್ಳಲು ಫ್ಲ್ಯಾಷ್ ಬೇಕು, ಇಲ್ಲವೇ ಟ್ರೈಪಾಡ್ ಬೇಕು. ಟಿಜಿ-6 ಅದನ್ನು ಕೈಯಲ್ಲಿ ಹಿಡಿದೇ ತೆಗೆಯುತ್ತದೆ.

ಇದೇ ಮಾತಿನ ಇನ್ನೊಂದು ಮುಖವನ್ನೂ ಹೇಳಬೇಕು. ಹಿನ್ನೆಲೆಯನ್ನೆಲ್ಲ ಬೆಣ್ಣೆಯಂತೆ ಕರಗಿಸಿ ಒಂದೇ ಎಸಳಿನ ಅಂಚನ್ನು ಎದ್ದು ತೋರಿಸುವ ಚಿತ್ರಗಳನ್ನು ಇಷ್ಟಪಡುವವರಿಗೆ ಈ ಕ್ಯಾಮೆರಾ ಹೇಳಿಸಿದ್ದಲ್ಲ. ತೀರಾ ಹತ್ತಿರದಲ್ಲಿ, ಹಿನ್ನೆಲೆ ಸಾಕಷ್ಟು ದೂರವಿದ್ದರೆ, ಅದು ಮಸುಕಾಗುತ್ತದೆ ನಿಜ. ಹೂವಿನ ಬೆನ್ನಿಗೇ ಎಲೆಗಳು ಒತ್ತಿಕೊಂಡಿದ್ದರೆ ಆ ಎಲೆಗಳ ನರಗಳೂ, ಕೀಟ ತಿಂದ ತೂತುಗಳೂ ಚಿತ್ರದೊಳಗೆ ಬಂದು ಹೂವಿನೊಡನೆ ಪೈಪೋಟಿಗೆ ನಿಲ್ಲುತ್ತವೆ. ದಾಸವಾಳ, ಗುಲಾಬಿ, ತಾವರೆಯಂಥ ದೊಡ್ಡ ಹೂವುಗಳನ್ನು ಇಡಿಯಾಗಿ ತೆಗೆಯುವಾಗ ಈ ಕೊರತೆ ಎದ್ದು ಕಾಣುತ್ತದೆ, ಏಕೆಂದರೆ ಆಗ ಹಿಂದೆ ಸರಿಯಬೇಕಾಗುತ್ತದೆ ಮತ್ತು ಹಿಂದೆ ಸರಿದಷ್ಟೂ ಎಲ್ಲವೂ ಸ್ಪಷ್ಟವಾಗುತ್ತದೆ. ದೊಡ್ಡ ಹೂವಿನ ಭಾವಚಿತ್ರವೇ ಮುಖ್ಯವೆಂದಾದರೆ ಈ ಹಣವನ್ನು ಬೇರೆ ಕ್ಯಾಮೆರಾಕ್ಕೆ ಹಾಕುವುದು ಲೇಸು. ಬೆರಳುಗುರಿನಷ್ಟಿರುವ ಹೂವು, ಹುಲ್ಲಿನ ಹೂವು, ಕಳೆ ಎಂದು ಕಿತ್ತೆಸೆಯುವ ಗಿಡದ ಹೂವು, ಇವುಗಳ ಮುಂದೆ ಟಿಜಿ-6ಕ್ಕೆ ಸಮನಾದ ಸಣ್ಣ ಕ್ಯಾಮೆರಾ ನನಗೆ ಕಂಡಿಲ್ಲ.

ಅಪರ್ಚರಿನ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬಾರದು. ‘ಎ’ ಎಂಬ ಅಪರ್ಚರ್ ಆಯ್ಕೆಯ ಸ್ಥಾನ ಚಕ್ರದಲ್ಲಿ ಇದೆಯಾದರೂ ಅದರಲ್ಲಿ ಸಿಗುವುದು ಬೆರಳೆಣಿಕೆಯ ಹೆಜ್ಜೆಗಳು. ಶಟರ್ ವೇಗವನ್ನು ನಾವೇ ನಿಗದಿ ಮಾಡುವ ವಿಧಾನವಾಗಲಿ, ಪೂರ್ತಿ ಮ್ಯಾನ್ಯುಯಲ್ ಆಗಲಿ ಇಲ್ಲವೇ ಇಲ್ಲ. ಹಾಗೆಂದು ಅಪರ್ಚರನ್ನು ಕಿರಿದು ಮಾಡಿ ಹೆಚ್ಚಿನ ಸ್ಪಷ್ಟತೆ ಪಡೆಯುತ್ತೇನೆ ಎಂಬ ಲೆಕ್ಕಾಚಾರವೂ ಇಲ್ಲಿ ನಡೆಯುವುದಿಲ್ಲ. ಈ ಸೆನ್ಸರಿನ ಒಂದು ಪಿಕ್ಸೆಲಿನ ಅಗಲ ಸುಮಾರು ಒಂದೂವರೆ ಮೈಕ್ರೋಮೀಟರ್. ಎಫ್/4.9ರ ಕಿಂಡಿಯಿಂದ ತೂರಿ ಬಂದ ಬೆಳಕು ಒಂದು ಬಿಂದುವಾಗಿ ನಿಲ್ಲದೆ ಆರು ಮೈಕ್ರೋಮೀಟರಿಗೂ ಅಗಲವಾದ ಚುಕ್ಕೆಯಾಗಿ ಹರಡುತ್ತದೆ; ಕಿಂಡಿ ಕಿರಿದಾದಷ್ಟೂ ಈ ಚುಕ್ಕೆ ದೊಡ್ಡದಾಗುತ್ತದೆ. ಅಂದರೆ ಜೂಮಿನ ತುದಿಯಲ್ಲಿ ಅಪರ್ಚರ್ ಪೂರ್ತಿ ತೆರೆದಿರುವಾಗಲೇ ಕ್ಯಾಮೆರಾ ತನ್ನ ಸ್ಪಷ್ಟತೆಯ ಮಿತಿಯನ್ನು ಮುಟ್ಟಿರುತ್ತದೆ. ಇನ್ನೂ ಮುಚ್ಚಿದರೆ ಪರಾಗದ ಕಣಗಳ ಅಂಚು ಮೃದುವಾಗುವುದು ಖಂಡಿತ. ತಯಾರಕರು ಟಿಜಿ-4ರ 16 ಮೆಗಾಪಿಕ್ಸೆಲನ್ನು ಬಿಟ್ಟು 2017ರ ಟಿಜಿ-5ರಲ್ಲಿ 12ಕ್ಕೆ ಇಳಿದದ್ದು ಈ ದೃಷ್ಟಿಯಿಂದ ವಿವೇಕದ ಕೆಲಸ. ಹೆಚ್ಚಿನ ಆಳ ಬೇಕಾದವರು ಅಪರ್ಚರನ್ನು ಮರೆತು, ಫೋಕಸ್ ಸ್ಟ್ಯಾಕಿಂಗ್ ಎಂಬ ಸೌಲಭ್ಯದ ಕಡೆಗೆ ತಿರುಗಬೇಕು.

ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹಲವು ಚಿತ್ರಗಳನ್ನು ಒಂದೇ ಉಸಿರಿಗೆ ತೆಗೆದು, ಪ್ರತಿಯೊಂದರಿಂದ ಸ್ಪಷ್ಟವಾದ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರವಾಗಿ ಹೊಲಿಯುವುದು ಸ್ಟ್ಯಾಕಿಂಗಿನ ಕೆಲಸ. ಇದನ್ನು ಕ್ಯಾಮೆರಾವೇ ತನ್ನೊಳಗೆ ಮಾಡಿ ಮುಗಿಸುತ್ತದೆ, ಕಂಪ್ಯೂಟರಿನ ಹಂಗಿಲ್ಲ. ಟಿಜಿ-6ರಲ್ಲಿ ಎಷ್ಟು ಚಿತ್ರಗಳನ್ನು ಜೋಡಿಸಬೇಕೆಂಬುದನ್ನು 3ರಿಂದ 10ರವರೆಗೆ ನಾವೇ ಆರಿಸಿಕೊಳ್ಳಬಹುದು. ತುಂಬೆ ಹೂವನ್ನು ತೆಗೆದುಕೊಳ್ಳಿ. ಬರಿಗಣ್ಣಿಗೆ ಅದೊಂದು ಬಿಳಿ ಚುಕ್ಕೆ. ಒಂದೇ ಚಿತ್ರದಲ್ಲಿ ತೆಗೆದರೆ ಕೆಳತುಟಿಯ ಅಂಚು ಸ್ಪಷ್ಟವಾಗುತ್ತದೆ, ಉಳಿದದ್ದು ಹಾಲು ಚೆಲ್ಲಿದಂತೆ ಮಸುಕು. ಸ್ಟ್ಯಾಕಿಂಗಿನಲ್ಲಿ ತೆಗೆದ ಚಿತ್ರದಲ್ಲಿ ಮೇಲಿನ ತುಟಿಯ ಬೆನ್ನ ಮೇಲೆ ಒತ್ತಾಗಿ ಬೆಳೆದ ಬಿಳಿ ರೋಮಗಳು ಒಂದೊಂದಾಗಿ ಎಣಿಕೆಗೆ ಸಿಗುತ್ತವೆ, ಆ ತುಟಿಯ ಅಡಿಯಲ್ಲಿ ಅಡಗಿದ ಕೇಸರಗಳ ತುದಿ ಕಾಣುತ್ತದೆ, ಕೆಳಗೆ ಚಾಚಿಕೊಂಡ ಅಗಲ ತುಟಿಯ ಮಡಿಕೆಗಳೂ ಹಿಂದೆ ಇರುವ ಹಸಿರು ಪುಷ್ಪಪಾತ್ರೆಯ ಹಲ್ಲುಗಳೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಸಸ್ಯಗಳನ್ನು ಗುರುತಿಸಲು, ದಾಖಲಿಸಲು ಚಿತ್ರ ತೆಗೆಯುವವರಿಗೆ ಈ ಒಂದು ಸೌಲಭ್ಯಕ್ಕಾಗಿಯೇ ಇದನ್ನು ಕೊಳ್ಳಿರೆಂದು ಹೇಳಬಲ್ಲೆ.

ಸ್ಟ್ಯಾಕಿಂಗಿಗೆ ಬಗ್ಗದ ಹೂವುಗಳೂ ಇವೆ. ನಾಚಿಕೆಮುಳ್ಳಿನ ನಸುಗೆಂಪು ಚೆಂಡು ಅಂಥದ್ದು. ಅದು ಒಂದು ಹೂವಲ್ಲ, ಹತ್ತಾರು ಪುಟ್ಟ ಹೂವುಗಳ ಗೊಂಚಲು. ಹೊರಗೆ ಚಾಚಿದ ಎಳೆಗಳೆಲ್ಲ ಅವುಗಳ ಕೇಸರದಂಡಗಳು. ಒಂದರ ಮುಂದೊಂದು ಅಡ್ಡಾದಿಡ್ಡಿಯಾಗಿ ಹಾಯ್ದ ಇಂಥ ಸಣ್ಣ ಎಳೆಗಳನ್ನು ಹೊಲಿಯುವಾಗ ಕ್ಯಾಮೆರಾಕ್ಕೆ ಯಾವುದು ಮುಂದಿನದು, ಯಾವುದು ಹಿಂದಿನದು ಎಂಬ ಗೊಂದಲ ಹುಟ್ಟುತ್ತದೆ. ಎಳೆಗಳ ಸುತ್ತ ಮಸುಕಾದ ಪ್ರಭೆ ಉಳಿಯುತ್ತದೆ, ಕೆಲವು ಎಳೆಗಳು ಮಧ್ಯದಲ್ಲಿ ತುಂಡಾದಂತೆ ಕಾಣುತ್ತವೆ. ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿದರೆ ಈ ತೊಂದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಗಾಳಿ ಬೀಸಿದರಂತೂ ಯಾವ ಹೂವಿನದ್ದಾದರೂ ಅಂಚು ಎರಡಾಗಿ ಮೂಡುತ್ತದೆ. ಹೂವಿನ ತೊಟ್ಟನ್ನು ಎಡಗೈಯ ಎರಡು ಬೆರಳಿನಿಂದ ಹಗುರಾಗಿ ಹಿಡಿದು, ಅದೇ ಕೈಗೆ ಕ್ಯಾಮೆರಾದ ಬುಡವನ್ನು ತಾಗಿಸಿಕೊಂಡರೆ ಹೂವೂ ಕ್ಯಾಮೆರಾವೂ ಒಟ್ಟಿಗೇ ಅಲುಗುತ್ತವೆ, ಅವೆರಡರ ನಡುವಿನ ದೂರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಗಾಳಿಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಸ್ಟ್ಯಾಕಿಂಗಿನ ಇನ್ನೆರಡು ಮಿತಿಗಳು: ಜೋಡಿಸಿದ ಚಿತ್ರದ ಅಂಚು ನಾಲ್ಕೂ ಕಡೆ ಸ್ವಲ್ಪ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಎಸಳಿನ ತುದಿಯನ್ನು ಚೌಕಟ್ಟಿಗೆ ತಾಗಿಸಿ ಕೂರಿಸುವಂತಿಲ್ಲ. ಮತ್ತು ಸಿಗುವುದು ಜೆಪೆಗ್ ಮಾತ್ರ, ರಾ ಕಡತ (ಸೆನ್ಸರು ಕೊಟ್ಟ ಮಾಹಿತಿಯನ್ನು ಇದ್ದಂತೆಯೇ ಉಳಿಸುವ ಕಡತ) ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ತಾವೇ ಜೋಡಿಸುವ ಅಭ್ಯಾಸವಿರುವವರು ಪಕ್ಕದ ಫೋಕಸ್ ಬ್ರಾಕೆಟಿಂಗ್ ಆಯ್ಕೆಯನ್ನು ಬಳಸಬಹುದು. ಅದು 30ರವರೆಗೆ ಚಿತ್ರಗಳನ್ನು ತೆಗೆದು ಬಿಡಿಬಿಡಿಯಾಗಿ ಕೈಗಿಡುತ್ತದೆ, ಮುಂದಿನದು ನಮ್ಮ ತಾಳ್ಮೆಗೆ ಬಿಟ್ಟದ್ದು.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕ್ಯಾಮೆರಾದಲ್ಲಿ ಒಳ್ಳೆಯ ಚಿತ್ರಕ್ಕೂ ಸಾಧಾರಣ ಚಿತ್ರಕ್ಕೂ ಇರುವ ಅಂತರವನ್ನು ಬಹುಪಾಲು ನಿರ್ಧರಿಸುವುದು ಬೆಳಕೇ. ಐಎಸ್‌ಒ (ಸೆನ್ಸರು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಂಕಿ) 100 ಅಥವಾ 200ರಲ್ಲಿ ಎಸಳಿನ ಮೇಲಿನ ನವಿರಾದ ನರಗಳು ಉಳಿಯುತ್ತವೆ, 400ರಲ್ಲಿಯೂ ದೂರುವಂಥದ್ದೇನಿಲ್ಲ, 800 ದಾಟಿದ ಮೇಲೆ ಕಾಳನ್ನು ಅಳಿಸುವ ಭರದಲ್ಲಿ ಕ್ಯಾಮೆರಾ ಆ ನರಗಳನ್ನೂ ಒರೆಸಿಬಿಡುತ್ತದೆ, ಎಸಳು ಮೇಣದಿಂದ ಮಾಡಿದಂತೆ ಕಾಣತೊಡಗುತ್ತದೆ. ತೆಳುಮೋಡದ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ನೇರ ಬಿಸಿಲಿದ್ದರೆ ಹೂವಿಗೂ ಸೂರ್ಯನಿಗೂ ನಡುವೆ ಒಂದು ತೆಳು ಬಿಳಿ ಬಟ್ಟೆಯನ್ನೋ ಟ್ರೇಸಿಂಗ್ ಕಾಗದವನ್ನೋ ಹಿಡಿದರೆ ಸಾಕು. ಎಸಳಿನ ಹಿಂದಿನಿಂದ ಬೆಳಕು ಬರುವಂತೆ ನಿಂತರೆ ತೆಳುವಾದ ಎಸಳುಗಳು ಒಳಗಿನಿಂದ ಹೊತ್ತಿಕೊಂಡಂತೆ ಬೆಳಗುತ್ತವೆ. ಆದರೆ ಆಗ ಕ್ಯಾಮೆರಾ ತಾನಾಗಿ ಅಳೆದ ಬೆಳಕಿನ ಪ್ರಮಾಣವನ್ನು ನಂಬದೆ, ಎಕ್ಸ್‌ಪೋಷರ್ ತಿದ್ದುಪಡಿಯನ್ನು ಕೈಯಾರೆ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೆಂದೇ ತಯಾರಾದ ಎರಡು ಜೋಡಣೆಗಳಿವೆ. ಎಲ್‌ಜಿ-1 ಎಂಬುದು ಲೆನ್ಸಿನ ಸುತ್ತ ಕೂರುವ ಬಳೆ. ಕ್ಯಾಮೆರಾದ ಮುಖದಲ್ಲಿರುವ ಪುಟ್ಟ ಎಲ್‌ಇಡಿಯ ಬೆಳಕನ್ನು ಹಿಡಿದು ಲೆನ್ಸಿನ ಸುತ್ತ ಹರಡುತ್ತದೆ, ತನಗೆ ಬೇರೆ ಬ್ಯಾಟರಿ ಬೇಡ. 1 ಸೆಂ.ಮೀ. ದೂರದಲ್ಲಿ ಅದಿಲ್ಲದೆ ಕೆಲಸ ಆಗುವುದೇ ಇಲ್ಲ, ಆದರೆ ನಾಲ್ಕೈದು ಸೆಂಟಿಮೀಟರ್ ಹಿಂದೆ ಸರಿದರೆ ಅದರ ಬೆಳಕು ಹಗಲಿನ ಮುಂದೆ ನಿಲ್ಲುವುದಿಲ್ಲ. ಎಫ್‌ಡಿ-1 ಎಂಬುದು ಫ್ಲ್ಯಾಷಿನ ಬೆಳಕನ್ನು ಅದೇ ರೀತಿ ಹರಡುವ ಜೋಡಣೆ. ಅದರ ಬಲ ಹೆಚ್ಚು, ಅಲುಗಾಟವನ್ನೂ ಹಿಡಿದು ನಿಲ್ಲಿಸುತ್ತದೆ. ಎರಡಕ್ಕೂ ಒಂದು ಸಮಾನ ದೋಷವಿದೆ. ಸುತ್ತಲಿಂದ ಸಮನಾಗಿ ಬಿದ್ದ ಬೆಳಕು ಹೂವಿನ ಏರಿಳಿತವನ್ನು ಅಳಿಸಿ ಅದನ್ನು ಚಪ್ಪಟೆ ಮಾಡುತ್ತದೆ, ಎಸಳಿನ ಮೇಲೆ ಇಬ್ಬನಿ ಇದ್ದರೆ ಪ್ರತಿ ಹನಿಯಲ್ಲಿಯೂ ಉಂಗುರದ ಪ್ರತಿಬಿಂಬ ಕುಳಿತುಕೊಳ್ಳುತ್ತದೆ. ಇಬ್ಬನಿಯ ಹನಿ ತಾನೇ ಒಂದು ಪುಟ್ಟ ಲೆನ್ಸು, ಅದರೊಳಗೆ ಹಿಂದಿನ ಹೂವಿನ ತಲೆಕೆಳಗಾದ ಬಿಂಬ ಮೂಡಿರುತ್ತದೆ. ಅದನ್ನು ತೆಗೆಯಲು ಹೊರಟವರು ಈ ಜೋಡಣೆಗಳನ್ನು ಚೀಲದಲ್ಲಿಯೇ ಬಿಡುವುದು ಮೇಲು. ಒಂದನ್ನೇ ಕೊಳ್ಳುವುದಾದರೆ ಎಫ್‌ಡಿ-1 ಕೊಳ್ಳಿ ಎನ್ನುತ್ತೇನೆ.

ಬಣ್ಣದ ವಿಷಯದಲ್ಲಿ ಟಿಜಿ-6 ಹುಟ್ಟುಗುಣದಿಂದ ಸ್ವಲ್ಪ ಅಬ್ಬರದ್ದು. ಬಿಳಿ, ಹಳದಿ, ತಿಳಿನೇರಳೆ ಹೂವುಗಳಿಗೆ ಇದು ತೊಂದರೆಯಾಗುವುದಿಲ್ಲ. ಕಡುಗೆಂಪು ಹೂವಿಗೆ ಮಾತ್ರ ಆಗುತ್ತದೆ. ಕೆಂಪು ದಾಸವಾಳದ ಎಸಳಿನಿಂದ ಬರುವ ಬೆಳಕಿನಲ್ಲಿ ಬಹುಪಾಲು ಕೆಂಪೇ ಇರುವುದರಿಂದ, ಒಟ್ಟು ಬೆಳಕಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ ಎಂದು ಕ್ಯಾಮೆರಾ ಭಾವಿಸುವಷ್ಟರಲ್ಲಿ ಸೆನ್ಸರಿನ ಕೆಂಪು ಪಾಲು ತುಂಬಿ ಹೊರಚೆಲ್ಲಿರುತ್ತದೆ. ಪರಿಣಾಮವಾಗಿ ಎಸಳಿನ ನರ, ಸುಕ್ಕು, ನೆರಳು ಎಲ್ಲ ಅಳಿಸಿಹೋಗಿ ಬಣ್ಣ ಬಳಿದ ಕಾಗದದ ತುಂಡು ಉಳಿಯುತ್ತದೆ. ಇದಕ್ಕೆ ಮಾಡಬೇಕಾದದ್ದು ಎರಡು. ಎಕ್ಸ್‌ಪೋಷರನ್ನು 0.7ರಿಂದ 1 ಸ್ಟಾಪಿನಷ್ಟು ಇಳಿಸುವುದು, ಬಣ್ಣದ ವಿಧಾನವನ್ನು ನ್ಯಾಚುರಲ್ ಅಥವಾ ಮ್ಯೂಟೆಡ್‌ಗೆ ಇಡುವುದು. ಹಾಗೆ ತೆಗೆದ ದಾಸವಾಳದಲ್ಲಿ ನಡುಗಂಬದ ತುದಿಯ ಐದು ಕೆಂಪು ಗುಂಡುಗಳು ಮಕಮಲ್ಲಿನಂತೆ ನವಿರಾಗಿ ಮೂಡುತ್ತವೆ, ಅವುಗಳ ಕೆಳಗೆ ಕಂಬದ ಸುತ್ತ ಹಳದಿ ಪರಾಗ ಹೊತ್ತ ಕೋಶಗಳು ಬೇರೆಬೇರೆಯಾಗಿ ಕಾಣುತ್ತವೆ, ಹಿಂದೆ ಎಸಳಿನ ನರಗಳೂ ಉಳಿದಿರುತ್ತವೆ. ರಾ ಕಡತದಲ್ಲಿ ತೆಗೆದರೆ ತಿದ್ದಲು ಇನ್ನೂ ಸ್ವಲ್ಪ ಅವಕಾಶ ಸಿಗುತ್ತದೆ, ಆದರೆ ತುಂಬಿ ಚೆಲ್ಲಿದ ಕೆಂಪನ್ನು ಯಾವ ತಂತ್ರಾಂಶವೂ ಮರಳಿ ತುಂಬಿಕೊಡುವುದಿಲ್ಲ.

ಈಗ ಪರದೆಯ ಮಾತು. ಹೂವುಗಳು, ಅದರಲ್ಲೂ ಈ ಕ್ಯಾಮೆರಾಕ್ಕೆ ಒಪ್ಪುವಂಥ ಸಣ್ಣ ಹೂವುಗಳು, ನೆಲದಿಂದ ಗೇಣುದ್ದ ಎತ್ತರದಲ್ಲಿರುತ್ತವೆ. 3 ಇಂಚಿನ ಪರದೆ ಮೈಗೆ ಅಂಟಿಕೊಂಡಿದೆ, ಮೇಲಕ್ಕೆ ಮಡಚುವುದಿಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರೂ ಇಲ್ಲ. ಹೂವಿನ ಮಟ್ಟದಿಂದ ಚಿತ್ರ ಬೇಕೆಂದರೆ ಹೊಟ್ಟೆಯ ಮೇಲೆ ಮಲಗಬೇಕು. ಬಿಸಿಲಿನಲ್ಲಿ ಪರದೆ ಮಂಕಾಗಿ, ಫೋಕಸ್ ಕೇಸರದ ಮೇಲೆ ಕುಳಿತಿದೆಯೋ ಅದರ ಹಿಂದಿನ ಎಸಳಿನ ಮೇಲೋ ಎಂದು ಊಹಿಸಬೇಕಾಗುತ್ತದೆ. ನೀರು ನುಗ್ಗದಂತೆ ಮುಚ್ಚಿದ ಮೈಗೆ ಮಡಚುವ ಪರದೆ ಕೂರಿಸುವುದು ಕಷ್ಟ ಎಂಬ ಸಮಜಾಯಿಷಿ ಇದೆ, ಅದು ಒಪ್ಪುವಂಥದ್ದೇ. ಮಂಡಿಗೆ ಅದರಿಂದ ಸಮಾಧಾನವಾಗುವುದಿಲ್ಲ ಅಷ್ಟೆ. ವೈಫೈ ಮೂಲಕ ಫೋನನ್ನು ಜೋಡಿಸಿ, ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಫೋನಿನ ಪರದೆಯಲ್ಲಿ ನೋಡುತ್ತ ಚಿತ್ರ ತೆಗೆಯುವ ದಾರಿಯೊಂದು ಇದೆ. ಅಲುಗದ ಹೂವಿಗೆ ಅದು ಸಾಲುತ್ತದೆ; ಗಾಳಿ ನಿಂತ ಆ ಒಂದು ಕ್ಷಣವನ್ನು ಹಿಡಿಯಬೇಕಾದಾಗ ಅದು ನಿಧಾನವೆನಿಸುತ್ತದೆ.

ಸ್ವಯಂಚಾಲಿತ ಫೋಕಸ್ ಎಂದೂ ಹೂವಿನ ಮನಸ್ಸನ್ನು ಪೂರ್ತಿ ಅರಿಯುವುದಿಲ್ಲ. ಇಡೀ ಚೌಕಟ್ಟಿನಲ್ಲಿ ತಾನೇ ಆರಿಸಿಕೊಳ್ಳಲು ಬಿಟ್ಟರೆ ಅದು ಹೆಚ್ಚು ವ್ಯತ್ಯಾಸ ಕಾಣುವ ಅಂಚಿಗೆ ಹೋಗಿ ನಿಲ್ಲುತ್ತದೆ, ಅದು ಬಹಳ ಸಲ ಹಿಂದಿನ ಎಲೆಯ ಅಂಚಾಗಿರುತ್ತದೆ. ಒಂದೇ ಫೋಕಸ್ ಬಿಂದುವನ್ನು ಆರಿಸಿ ಮಧ್ಯದಲ್ಲಿ ಇಟ್ಟುಕೊಂಡು, ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ತೂಗಿ ಕೇಸರ ಸ್ಪಷ್ಟವಾದ ಕ್ಷಣದಲ್ಲಿ ಪೂರ್ತಿ ಒತ್ತುವುದು ಹಳೆಯ ರೂಢಿ; ಇಲ್ಲಿಯೂ ಅದೇ ಕೈಹಿಡಿಯುತ್ತದೆ.

ನೀರು ಹೋಗದ ಮೈಯ ವಿಷಯವನ್ನು ಹೂವಿನ ಚಿತ್ರಕಾರರು ಲಘುವಾಗಿ ತೆಗೆದುಕೊಳ್ಳುತ್ತಾರೆ. 15 ಮೀಟರ್ ಆಳದ ನೀರಿನಲ್ಲಿ ಹೂವು ಎಲ್ಲಿದೆ ಎಂದು ಕೇಳುವವರೂ ಉಂಟು. ಆದರೆ ಹೂವು ಅತ್ಯಂತ ಚೆಲುವಾಗಿರುವುದು ಮಳೆ ಬೀಳುತ್ತಿರುವಾಗ ಮತ್ತು ನಿಂತ ಸ್ವಲ್ಪ ಹೊತ್ತಿನ ತನಕ. ಉಳಿದ ಕ್ಯಾಮೆರಾಗಳು ಚೀಲದೊಳಗೆ ಅಡಗಿ ಕೂರುವ ಹೊತ್ತು ಅದು. ಕೆಸರಾದರೆ ನಲ್ಲಿಯ ಕೆಳಗೆ ತೊಳೆದರಾಯಿತು. ಜೂಮ್ ಮಾಡಿದರೂ ಲೆನ್ಸು ಹೊರಗೆ ಚಾಚದಂತೆ ಎಲ್ಲವೂ ಮೈಯೊಳಗೇ ನಡೆಯುವುದರಿಂದ ದೂಳು ಒಳಗೆ ಹೋಗುವ ದಾರಿಯೂ ಕಡಿಮೆ. ಲೆನ್ಸಿನ ಮುಂದೆ ಎರಡು ಪದರದ ಗಾಜು ಇರುವುದರಿಂದ ಒಳಗೆ ಮಂಜು ಕಟ್ಟುವ ಕಾಟ ತಗ್ಗುತ್ತದೆ. ಹೊರಗಾಜಿನ ಮೇಲೆ ಬಿದ್ದ ಹನಿಯನ್ನು ಮಾತ್ರ ಆಗಾಗ ಒರೆಸುತ್ತಿರಬೇಕು, ಹನಿಯೊಂದು ಉಳಿದರೂ ಚಿತ್ರದ ಒಂದು ಮೂಲೆ ಕರಗಿಹೋಗುತ್ತದೆ.

ತೂಕ ಸುಮಾರು 250 ಗ್ರಾಂ, ಜೇಬಿಗೆ ಹಿಡಿಸುತ್ತದೆ. ಒಂದು ಚಾರ್ಜಿಗೆ ಸುಮಾರು 340 ಚಿತ್ರಗಳೆಂದು ತಯಾರಕರ ಲೆಕ್ಕ, ಸ್ಟ್ಯಾಕಿಂಗ್ ಮತ್ತು ಎಲ್‌ಇಡಿ ಹೆಚ್ಚು ಬಳಸುವವರು ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳುವುದು ಕ್ಷೇಮ. ಗುಂಡಿಗಳು ಚಿಕ್ಕವು.

ಈಗಿನ ಫೋನುಗಳಲ್ಲಿಯೇ ಮ್ಯಾಕ್ರೋ ಇರುವಾಗ ಇದು ಯಾಕೆ ಎಂಬ ಪ್ರಶ್ನೆ ಸಹಜ. 2021ರ ಐಫೋನ್ 13 ಪ್ರೊ 2 ಸೆಂ.ಮೀ. ದೂರದವರೆಗೆ ಫೋಕಸ್ ಮಾಡಿದಾಗಿನಿಂದ ಈ ಪ್ರಶ್ನೆಗೆ ಬಲ ಬಂದಿದೆ. ಆ ಫೋನು ಅದಕ್ಕೆ ಬಳಸುವುದು ಅತಿ ಅಗಲ ನೋಟದ ಕ್ಯಾಮೆರಾವನ್ನು, ಅಂದರೆ ಮೊದಲು ಹೇಳಿದ ಉಬ್ಬಿದ ಎಸಳು, ಕಿಕ್ಕಿರಿದ ಹಿನ್ನೆಲೆಯ ತೊಂದರೆ ಅಲ್ಲಿ ಇನ್ನೂ ಹೆಚ್ಚು. ಸೇವಂತಿಯ ಗಾತ್ರದ ಹೂವಿಗೆ, ಪರದೆಯ ಮೇಲೆ ನೋಡಿ ಮುಗಿಸುವ ಚಿತ್ರಕ್ಕೆ ಫೋನು ಸಾಕು, ಬಣ್ಣ ಮತ್ತು ಬೆಳಕಿನ ಸಮತೋಲದಲ್ಲಿ ಅದು ಟಿಜಿ-6ನ್ನು ಮೀರಿಸುವುದೂ ಉಂಟು. ಸೂರ್ಯಕಾಂತಿಯ ನಡುಬಿಲ್ಲೆಯಲ್ಲಿರುವ ನೂರಾರು ಪುಟ್ಟ ಹೂವುಗಳಲ್ಲಿ ಒಂದನ್ನು ಆರಿಸಿ, ಅದರ ಐದು ಹಲ್ಲಿನ ಬಾಯಿಯನ್ನೂ ಒಳಗಿನಿಂದ ಮೇಲೆದ್ದು ಇಬ್ಭಾಗವಾದ ಶಲಾಕೆಯನ್ನೂ ತೋರಿಸಬೇಕೆಂದಾಗ ಎರಡರ ಅಂತರ ಕಾಣುತ್ತದೆ.

ಒಲಿಂಪಸ್ ಕಂಪನಿಯ ಕ್ಯಾಮೆರಾ ವಿಭಾಗ 2021ರಲ್ಲಿ ಓಎಂ ಡಿಜಿಟಲ್ ಸಲ್ಯೂಷನ್ಸ್ ಎಂಬ ಹೊಸ ಸಂಸ್ಥೆಯ ಕೈಗೆ ಹೋಯಿತು, 2023ರಲ್ಲಿ ಓಎಂ ಸಿಸ್ಟಮ್ ಹೆಸರಿನಲ್ಲಿ ಟಿಜಿ-7 ಬಂತು. ಹೂವಿನ ದೃಷ್ಟಿಯಿಂದ ನೋಡಿದರೆ ಹೊಸತು ಕಡಿಮೆ: 12 ಮೆಗಾಪಿಕ್ಸೆಲ್ ಹಾಗೆಯೇ ಇದೆ, ಲೆನ್ಸಿನ ವ್ಯಾಪ್ತಿ ಹಾಗೆಯೇ ಇದೆ, ಪರದೆ ಈಗಲೂ ಮಡಚುವುದಿಲ್ಲ. ಚಾರ್ಜಿಗೆ ಯುಎಸ್‌ಬಿ-ಸಿ ಬಂದಿದೆ, ತಂತಿಯಿಲ್ಲದ ರಿಮೋಟ್ ಒಂದನ್ನು ಬಳಸುವ ಅವಕಾಶ ಸೇರಿದೆ. ಕ್ಯಾಮೆರಾವನ್ನು ನೆಲದ ಮೇಲೆ ಇಟ್ಟು ಮುಟ್ಟದೆ ತೆಗೆಯುವವರಿಗೆ ಈ ಎರಡನೆಯದು ಪ್ರಯೋಜನದ್ದು. ಹೊಸದಾಗಿ ಕೊಳ್ಳುವವರು ಟಿಜಿ-7ನ್ನೇ ಕೊಳ್ಳಲಿ, ಟಿಜಿ-6 ಇರುವವರು ಬದಲಿಸಲು ಕಾರಣವಿಲ್ಲ.

ಬಳಸಿದ ಕ್ಯಾಮೆರಾ ಹುಡುಕುವವರು ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಮೈಕ್ರೋಸ್ಕೋಪ್ ವ್ಯವಸ್ಥೆ, ಸ್ಟ್ಯಾಕಿಂಗ್ ಎರಡೂ 2014ರ ಟಿಜಿ-3ರಿಂದಲೇ ಇವೆ, ಆದರೆ ಅದರಲ್ಲಿ ರಾ ಇಲ್ಲ. 2015ರ ಟಿಜಿ-4ರಲ್ಲಿ ರಾ ಬಂತು. 2017ರ ಟಿಜಿ-5 ಬಣ್ಣ, ಕಾಳು ಎರಡರಲ್ಲಿಯೂ ಅದಕ್ಕಿಂತ ಮೇಲು, ಹಣ ಕಡಿಮೆಯಿದ್ದರೆ ಅದನ್ನು ಧಾರಾಳವಾಗಿ ಆರಿಸಬಹುದು. ಕೊಳ್ಳುವ ಮುನ್ನ ಬ್ಯಾಟರಿಯ ಮುಚ್ಚಳ ತೆರೆದು ಒಳಗಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆಯೇ, ಅದರ ಮೇಲೆ ಮರಳು ಕೂತಿದೆಯೇ ಎಂದು ನೋಡಬೇಕು. ನಂತರ ಲೆನ್ಸಿನ ಮುಂದಿನ ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿಯಬೇಕು. ದೂರದ ನೋಟದಲ್ಲಿ ಕಾಣದ ಸಣ್ಣ ಗೀರುಗಳು ಹೂವಿನ ಹತ್ತಿರ ಫ್ಲ್ಯಾಷ್ ಹಾಕಿದ ಕೂಡಲೇ ಚಿತ್ರದ ಮೇಲೆ ಬಿಳಿ ಪೊರೆಯಾಗಿ ಹರಡುತ್ತವೆ, ಅದನ್ನು ತಿದ್ದಲು ಗಾಜನ್ನು ಬದಲಿಸುವುದೊಂದೇ ದಾರಿ.